ಹಳ್ಳದ ಹೊಟ್ಟೆಯೊಳಗಿಂದ

ಯಾವಗಲ್ಲಿನಲ್ಲಿ ಮಳೆ ಬರದೆಯೇ ಹೊಳೆ ಬರುತ್ತದೆ. ಮೇಲೆ ಆಕಾಶ ಬೆಳ್ಳಗಿರುತ್ತದೆ, ಅಂಗಳದಲ್ಲಿ ಹೆಸರುಕಾಯಿ ಒಣಗುತ್ತಿರುತ್ತವೆ, ಗಿಡದಲ್ಲಿ ಎಲೆ ಅಲುಗಾಡುವುದಿಲ್ಲ. ಆದರೂ ಬೆಣ್ಣೆಹಳ್ಳ ಏರಿ ರೋಣ–ನರಗುಂದ ರಸ್ತೆಯ ಸೇತುವೆಯ ಮೇಲೆ ರಾಡಿನೀರು ಹರಿಯತೊಡಗುತ್ತದೆ, ಈ ದಂಡೆಯ ಬಸ್ಸು ಈ ದಂಡೆಯಲ್ಲಿ, ಆ ದಂಡೆಯ ಬಸ್ಸು ಆ ದಂಡೆಯಲ್ಲಿ ನಿಂತುಬಿಡುತ್ತವೆ. ಮಳೆ ಆಗಿರುವುದು ಅಲ್ಲಲ್ಲ, ಮೇಲೆ. ಹಳ್ಳ ಹುಟ್ಟುವುದು ಶಿಗ್ಗಾವಿ ತಾಲೂಕಿನ ದುಂಡಸಿ ಕಡೆಯ ಗುಡ್ಡಗಳಲ್ಲಿ. ಕುಂದಗೋಳ, ಹುಬ್ಬಳ್ಳಿ, ನವಲಗುಂದ ಸೀಮೆಯ ನೀರನ್ನೆಲ್ಲ ಬಾಚಿಕೊಂಡು, ದಾರಿಯಲ್ಲಿ ತುಪ್ಪರಿಹಳ್ಳವನ್ನೂ ಸೇರಿಸಿಕೊಂಡು, ಅದು ಯಾವಗಲ್ ದಾಟಿ ಮೆಣಸಗಿಯ ಹತ್ತಿರ ಮಲಪ್ರಭೆಗೆ ಬೀಳುತ್ತದೆ. ನಾನಿರುವುದು ಹುಬ್ಬಳ್ಳಿಯಲ್ಲಿ, ನನ್ನ ಅಕ್ಕನನ್ನು ಕೊಟ್ಟಿರುವುದು ಯಾವಗಲ್ಲಿಗೆ. ಹುಬ್ಬಳ್ಳಿಯಲ್ಲಿ ರಾತ್ರಿ ಹಂಚು ಹಾರುವಂಥ ಮಳೆ ಸುರಿದರೆ ನಾನು ಮೊದಲು ಮಾಡುವ ಕೆಲಸ ಅಕ್ಕನಿಗೆ ಫೋನು ಹಚ್ಚುವುದು. "ಅಕ್ಕಾ, ನೀರ ಬರತಾವ" ಅನ್ನುತ್ತೇನೆ. ಅವಳು ತನ್ನ ಗಂಡನನ್ನು, ಅಂದರೆ ನಮ್ಮ ಮಾಂವನನ್ನು ಎಬ್ಬಿಸುತ್ತಾಳೆ, ಮಾಂವ ಹೊಲದಲ್ಲಿರುವ ಪಂಪಸೆಟ್ಟು ಬಿಚ್ಚಿ ತರಲು ಹೋಗುತ್ತಾನೆ. ನಮ್ಮ ಮನೆತನದ ಎಷ್ಟೋ ಮಾತುಕತೆ ಈ ಹಳ್ಳದ ಮೇಲೇ ನಡೆದಿದೆ.

ಹಾಗಿದ್ದೂ ಆ ಹಳ್ಳವನ್ನು ನಾನೂ ಮಾಂವನೂ ನೋಡಿದ್ದು ದಂಡೆಯ ಮೇಲಿನಿಂದ, ಇಲ್ಲವೇ ಸೇತುವೆಯ ಕಟ್ಟೆಗೆ ಆತುಕೊಂಡು. ಒಳಗಿಳಿದು ಅದರ ಜೊತೆ ಹೋದದ್ದಿಲ್ಲ. ಹೋಗಬೇಕೆಂಬ ಆಸೆ ನನಗೆ ಬಹಳ ವರ್ಷಗಳದ್ದು. ಕೆನಡಾದ ಕಾಡುಹೊಳೆಗಳಲ್ಲಿ ಇಬ್ಬರೇ ಕ್ಯಾನೂ ಹುಟ್ಟುಹಾಕುತ್ತ ಹೋಗುವವರ ಬರಹ ಓದಿದಾಗಲೆಲ್ಲ ಆ ಆಸೆ ಕೆರಳುತ್ತಿತ್ತು. ಆ ದೇಶದ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯಲ್ಲಿ ಹಗುರ ದೋಣಿ ಕಟ್ಟುತ್ತಿದ್ದರು. ನೀರು ಮುಗಿದಲ್ಲಿ ದೋಣಿಯನ್ನು ತಲೆಯ ಮೇಲೆ ಹೊತ್ತು ಮುಂದಿನ ನೀರಿಗೆ ನಡೆಯುತ್ತಿದ್ದರು. ಆಮೇಲೆ ತುಪ್ಪಳದ ವ್ಯಾಪಾರಕ್ಕೆ ಬಂದ ಫ್ರೆಂಚ್ ಅಂಬಿಗರು ಅದನ್ನೇ ಕಲಿತು, ಒಂದೊಂದೂ ನಲವತ್ತು ಕಿಲೋದಷ್ಟಿದ್ದ ಎರಡು ಮೂಟೆಗಳನ್ನು ಒಂದೇ ಸಲ ಬೆನ್ನಿಗೇರಿಸಿ ಆ ಹಾದಿ ನಡೆದರು. ಅಲ್ಲಿ ಕಾಡಿದೆ, ನಮ್ಮಲ್ಲಿ ಕಾಡೆಲ್ಲಿದೆ ಎಂದು ಯಾರಾದರೂ ಕೇಳಬಹುದು. ಮಾಂವನೂ ಕೇಳಿದ.

ನಿಜ. ರೋಣ, ನರಗುಂದ, ನವಲಗುಂದ ಎಂದರೆ ಎರೆಭೂಮಿ. ಬಿಳಿಜೋಳ, ಕಡಲೆ, ಕುಸುಬಿ, ಹತ್ತಿ, ಉಳ್ಳಾಗಡ್ಡಿ, ಈಗೀಗ ಗೋವಿನಜೋಳ. ಕಣ್ಣು ಹಾಯುವಷ್ಟು ದೂರ ಬಿತ್ತಿದ ನೆಲ. ಬದುವಿನ ಮೇಲೊಂದು ಬನ್ನಿಗಿಡ, ಬಾವಿ ಹತ್ತಿರ ಒಂದು ಬೇವು, ಅಷ್ಟೇ ನೆರಳು. ಇಂಥ ಸೀಮೆಯಲ್ಲಿ ಮನುಷ್ಯ ಉಳದೆ, ಬಿತ್ತದೆ, ಅಳತೆ ಮಾಡಿ ಯಾರದೋ ಹೆಸರಿಗೆ ಬರೆಯದೆ ಬಿಟ್ಟ ಜಾಗವೆಂದರೆ ಹಳ್ಳದ ಹೊಟ್ಟೆ ಒಂದೇ. ಚಿಗರಿ ಹಗಲು ಹೊತ್ತು ನೆರಳಿಗೆ ಇಳಿಯುವುದು ಅಲ್ಲಿ, ತೋಳ ಮರಿ ಹಾಕಲು ಹುಡುಕುವುದು ಅಲ್ಲಿಯ ಕೊರಕಲು, ಮಿಂಚುಳ್ಳಿ ತೂತು ಕೊರೆಯುವುದು ಅಲ್ಲಿಯ ದಂಡೆ. ನಮ್ಮ ಕಾಡು ಉದ್ದಕ್ಕೆ ಹರಿದುಹೋಗುವ ಕಾಡು. ಅಡ್ಡಡ್ಡ ನೋಡಿದರೆ ಒಂದು ಕವಣೆಕಲ್ಲಿನ ದೂರ, ಉದ್ದುದ್ದ ನೋಡಿದರೆ ಮೂರು ಜಿಲ್ಲೆ. ಅದನ್ನು ನೋಡಬೇಕಾದರೆ ಉದ್ದಕ್ಕೇ ಹೋಗಬೇಕು.

"ಹೋಗೂಣು ನಡಿ ಅಳಿಯಾ" ಅಂದ ಮಾಂವ. "ಆದ್ರ ಪಟ್ಟದಕಲ್ಲತನಾ ಹೋಗೂಣು. ಅರ್ಧಕ್ಕ ಎದ್ದ ಬರೂದಾದ್ರ ನಾ ಒಲ್ಲೆ."

ಸೀಗೀ ಹುಣ್ಣಿಮೆ ಮುಗಿದು ಹಿಂಗಾರಿ ಬಿತ್ತಿಗೆಗೆ ತುಸು ಬಿಡುವಿತ್ತು. ಹಳ್ಳದಲ್ಲಿ ನೀರೂ ಇತ್ತು. ಮಲಪ್ರಭೆಯ ದಂಡೆಯ ಅಂಬಿಗರ ಮನೆಯೊಂದರಿಂದ ಹರಿಗೋಲು ತಂದೆವು. ಬಿದಿರ ಸೀಳಿನ ಹೆಣಿಗೆ, ಹೊರಗೆ ಗೊಬ್ಬರ ಚೀಲ ಹೊಲಿದು ಅದರ ಮೇಲೆ ಡಾಂಬರಿನ ಲೇಪ. ಬಾಯಿ ಒಂದು ಮಾರಿಗಿಂತ ತುಸು ಅಗಲ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಅದನ್ನು ಬೋರಲು ಹಾಕಿ ಯಾವಗಲ್ಲಿಗೆ ತಂದಾಗ ಓಣಿಯ ಹುಡುಗರೆಲ್ಲ ಹಿಂದೆ ಓಡಿ ಬಂದರು. ಸೇತುವೆ ಆದ ಮೇಲೆ ಹುಟ್ಟಿದವರು ಅವರು, ಹರಿಗೋಲನ್ನು ಅಷ್ಟು ಹತ್ತಿರದಿಂದ ಮುಟ್ಟಿ ನೋಡಿದ್ದಿಲ್ಲ.

ಹರಿಗೋಲಿನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಏಕೆಂದರೆ ಅದರ ಹಿರಿತನವನ್ನು ನಾವು ಮರೆತಿದ್ದೇವೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ತುಂಗಭದ್ರೆಯ ಹರಿಗೋಲುಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿದ್ದವು, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದರು. ನಮ್ಮ ಮಲಪ್ರಭೆಗೂ ಅದರದೊಂದು ಕಥೆಯಿದೆ. 1800ರ ಜುಲೈ 30ರಂದು ಇಂಗ್ಲಿಷರ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಮುನವಳ್ಳಿಯ ಹತ್ತಿರ ಬಂಡಾಯಗಾರ ಧೋಂಡಿಯಾ ವಾಘನ ಪಾಳೆಯದ ಮೇಲೆ ಬಿದ್ದಾಗ, ಮಳೆಗಾಲದ ಮಲಪ್ರಭೆಗೆ ಹಾರಿ ಎಷ್ಟೋ ಜನ ಮುಳುಗಿ ಸತ್ತರು. ಆ ಬೇಸಿಗೆ ಮಳೆಗಾಲಗಳಲ್ಲಿ ನಮ್ಮ ಹೊಳೆಗಳನ್ನು ಕಂಡಿದ್ದ ವೆಲ್ಲೆಸ್ಲಿ, 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋಗುವ ಮುಂಚೆ ಹರಿಗೋಲುಗಳನ್ನು ಕಟ್ಟಿಸಿ ಸಿದ್ಧ ಇಡಿಸಿದ. ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾಪತಿ ಹೊಳೆ ದಾಟಲು ನಂಬಿದ್ದು ನಮ್ಮ ಹರಿಗೋಲನ್ನು. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆ.

ಪೇಸ್ ಇನ್ನೊಂದು ಮಾತೂ ಹೇಳುತ್ತಾನೆ: ಈ ದೋಣಿಗಳು ಗಿರಗಿರ ತಿರುಗುತ್ತಲೇ ಸಾಗುತ್ತವೆ, ನೆಟ್ಟಗೆ ಹೋಗಲಾರವು ಎಂದು. ಮಾಂವ ಈ ಮಾತಿಗೆ ಒಪ್ಪಲಿಲ್ಲ. "ಹುಟ್ಟ ಹಾಕಾವ್ರು ಇಬ್ಬರದೂ ಒಂದ ಮನಸ ಇದ್ರ ಯಾಕ ಹೋಗಂಗಿಲ್ಲ?" ಅಂದ. ಚಿಕ್ಕಂದಿನಲ್ಲಿ ಹೊಳೆಯಾಚೆಯ ಅಜ್ಜಿಯ ಊರಿಗೆ ಹರಿಗೋಲಿನಲ್ಲೇ ಹೋಗಿಬಂದವನು ಅವನು, ಹುಟ್ಟು ಹಿಡಿದೂ ಗೊತ್ತಿತ್ತು. ನನ್ನನ್ನು ಎಡಗಡೆ ಕೂರಿಸಿ ತಾನು ಬಲಗಡೆ ಮೊಣಕಾಲೂರಿ ಕೂತ. ಉದ್ದ ದೋಣಿಯಲ್ಲಿ ಮುಂದೆ ಒಬ್ಬ, ಹಿಂದೆ ಒಬ್ಬ. ಹಿಂದಿನವನ ಕೈಯಲ್ಲಿ ದಿಕ್ಕು ಇರುತ್ತದೆ. ಹರಿಗೋಲಿಗೆ ಮುಂದೂ ಇಲ್ಲ ಹಿಂದೂ ಇಲ್ಲ. ನೀರನ್ನು ಹಿಂದಕ್ಕೆ ತಳ್ಳುವ ಬದಲು ಮುಂದೆ ಚಾಚಿ ನಮ್ಮ ಕಡೆ ಎಳೆದುಕೊಳ್ಳಬೇಕು. ಎಡದವ ತುಸು ಜೋರಾಗಿ ಎಳೆದರೆ ದೋಣಿ ಬಲಕ್ಕೆ ತಿರುಗುತ್ತದೆ, ಬಲದವ ಒಂದು ಏಟು ತಪ್ಪಿಸಿದರೂ ಹಾಗೇ. ಒಬ್ಬರು ಯಜಮಾನ, ಇನ್ನೊಬ್ಬರು ಆಳು ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಮಾತಿನಿಂದಲೂ ಆಗುವುದಿಲ್ಲ, ಪಕ್ಕದವನ ಭುಜ ಏಳುವುದನ್ನು ಕಣ್ಣಂಚಿನಲ್ಲಿ ನೋಡಿಕೊಂಡೇ ಕೈ ಹಾಕಬೇಕು. ಊರಿನ ತಿರುವು ದಾಟುವ ಹೊತ್ತಿಗೆ ನಮ್ಮ ಹುಟ್ಟುಗಳು ಒಂದೇ ಸಲ ಬೀಳತೊಡಗಿದವು. ದಂಡೆಯ ಮೇಲೆ ನಿಂತಿದ್ದ ಅಕ್ಕ ಕೈಬೀಸಲಿಲ್ಲ. "ಸಂಜಿಗೆ ಫೋನ ಮಾಡಬೇಕ ತಮ್ಮಾ" ಎಂದಷ್ಟೇ ಕೂಗಿದಳು. ಲೈಫ್ ಜಾಕೆಟ್ಟಿನ ಗುಂಡಿಯನ್ನು ಅವಳೇ ಎಳೆದು ನೋಡಿ ಕಳಿಸಿದ್ದಳು.

ಹಳ್ಳದ ಒಳಗೆ ಇಳಿದರೆ ಊರು ಕಾಣುವುದಿಲ್ಲ. ಎರಡೂ ಕಡೆ ಎರೆಮಣ್ಣಿನ ದಂಡೆ ಆಳೆತ್ತರ, ಎರಡಾಳೆತ್ತರ ಕಡಿದಾಗಿ ನಿಲ್ಲುತ್ತದೆ. ಕೊರೆದ ದಂಡೆಯಲ್ಲಿ ಮಣ್ಣಿನ ಪದರಗಳು ಬೇರೆಬೇರೆಯಾಗಿ ಎಣಿಸಬಹುದಾದಷ್ಟು ಸ್ಪಷ್ಟ: ಕಪ್ಪು, ಅದರ ಕೆಳಗೆ ತುಸು ಬೂದು, ನಡುವೆ ಸುಣ್ಣಕಲ್ಲಿನ ಹರಳು, ಸತ್ತ ಬಸವನಹುಳುಗಳ ಬಿಳಿ ಚಿಪ್ಪು. ಒಂದು ಕಡೆ ಹತ್ತಿಗಿಡದ ಬೇರು ದಂಡೆಯಿಂದ ಹೊರಬಿದ್ದು ಗಾಳಿಯಲ್ಲಿ ಜೋತಾಡುತ್ತಿತ್ತು, ಗಿಡ ಮಾತ್ರ ಮೇಲೆ ಕಾಯಿ ಬಿಟ್ಟಿತ್ತು. ಆ ಸಾಲಿನ ಮಣ್ಣು ಈ ಮಳೆಗಾಲದಲ್ಲೇ ಕುಸಿದುಹೋಗಿದೆ. ತಲೆ ಎತ್ತಿದರೆ ಜಾಲಿಯ ಟೊಂಗೆಗಳಲ್ಲಿ, ನಮ್ಮ ತಲೆಗಿಂತ ಎಷ್ಟೋ ಮೇಲೆ, ಪ್ಲಾಸ್ಟಿಕ್ ಚೀಲ, ಸೀರೆಯ ಚೂರು, ಕಣಕಿಯ ಕಂತೆ ಸಿಕ್ಕಿಕೊಂಡಿದ್ದವು. ಹಳ್ಳ ಎಲ್ಲಿಯವರೆಗೆ ಏರಿತ್ತೆಂದು ಅದೇ ಬರೆದಿಟ್ಟ ಗುರುತು. ದಂಡೆಯ ಮೇಲೆ ನಿಂತು ಹೊನಲು ನೋಡಿದವನಿಗೆ ನೀರು ಕಾಲಕೆಳಗೆ ಇರುತ್ತದೆ. ಒಳಗೆ ಕೂತು ಆ ಚಿಂದಿಯನ್ನು ನೋಡಿದಾಗಲೇ ನೀರಿನ ಎತ್ತರ ಮೈಗೆ ತಿಳಿದದ್ದು.

ಮಾಂವನ ಹೊಲದ ಕೆಳಗೆ ಬಂದಾಗ ಅವನು ಹುಟ್ಟು ನಿಲ್ಲಿಸಿದ. ದಂಡೆಯ ತುದಿಯವರೆಗೂ ಉತ್ತ ಸಾಲುಗಳು. "ನಮ್ಮಪ್ಪನ ಕಾಲಕ್ಕ ಇಲ್ಲಿ ಹುಣಸಿಗಿಡ ಇತ್ತು, ಅದರಾಚೆ ದನಾ ಇಳಿಯೂ ದಾರಿ" ಅಂದ. "ಹಳ್ಳ ನಮ್ಮ ಹೊಲಾ ತಿಂದೈತಿ. ನಾವೂ ಹಳ್ಳದ ಹೊಲಾ ತಿಂದೇವಿ." ಇದನ್ನು ಅವನು ನನ್ನ ಮುಂದೆ ಮೊದಲು ಎಂದೂ ಆಡಿದ್ದಿಲ್ಲ.

ಮೊದಲ ದಿನದ ನಿಜವಾದ ಕಷ್ಟ ನೀರಿನದಲ್ಲ, ಬಳ್ಳಾರಿ ಜಾಲಿಯದು. ಅಮೆರಿಕ ಖಂಡದಿಂದ ಬಂದ ಈ ಮುಳ್ಳುಗಿಡ ನಮ್ಮ ಹಳ್ಳಗಳನ್ನು ಎರಡೂ ಕಡೆಯಿಂದ ಹೊಕ್ಕು ನಡುನೀರಿನಲ್ಲಿ ಕೈ ಕೂಡಿಸಿದೆ. ಒಂದು ತಿರುವಿನಲ್ಲಿ ಬುಡಸಮೇತ ಬಿದ್ದ ಗಿಡವೊಂದು ಹಳ್ಳವನ್ನು ಪೂರ್ತಿ ಕಟ್ಟಿತ್ತು, ಅದಕ್ಕೆ ಅಂತರಗಂಗೆ ಒತ್ತಿಕೊಂಡು ಹಸಿರು ಗೋಡೆಯಾಗಿತ್ತು. ದಂಡೆ ಹತ್ತಿ ಹೊತ್ತುಕೊಂಡು ಹೋಗೋಣವೆಂದರೆ ಕಾಲಿಟ್ಟಲ್ಲಿ ಎರೆಮಣ್ಣು ತೊಡೆಯವರೆಗೆ ನುಂಗುತ್ತದೆ. ಎರೆರಾಡಿ ಹಿಡಿದ ಕಾಲನ್ನು ಜಗ್ಗಿ ತೆಗೆಯಬಾರದು, ಮೊದಲು ಬೆರಳಾಡಿಸಿ ಗಾಳಿ ಹೋಗಲು ಎಡೆ ಮಾಡಿ, ಆಮೇಲೆ ಹಿಮ್ಮಡ ಎತ್ತಬೇಕು. ಮಾಂವ ನೀರಿನಲ್ಲೇ ನಿಂತು ಕೊಡಲಿಯಿಂದ ಟೊಂಗೆ ಕಡಿದ, ನಾನು ಹರಿಗೋಲನ್ನು ಹಿಡಿದು ಅಂತರಗಂಗೆಯನ್ನು ಹಿಂದಕ್ಕೆ ನೂಕಿದೆ. ಸಂದಿಯಲ್ಲಿ ನುಸುಳಿ ಪಾರಾಗುವಾಗ ತಳಕ್ಕೆ ಮುಳ್ಳು ಚುಚ್ಚಿತು. ನೀರು ಸಣ್ಣಗೆ ಒಸರಿ ಬುತ್ತಿಯ ಗಂಟಿನ ಕೆಳಗೆ ಬಂದಾಗ ಗೊತ್ತಾಯಿತು.

ಒಣಗಿದ ಮಣ್ಣುದಿಬ್ಬ ಸಿಕ್ಕಲ್ಲಿ ಹರಿಗೋಲನ್ನು ಬೋರಲು ಹಾಕಿದೆವು. ಮಾಂವ ಹಾಲಿನಪುಡಿಯ ಡಬ್ಬಿಯಲ್ಲಿ ಡಾಂಬರು ತಂದಿದ್ದ. ಜಾಲಿಯ ಪುಳ್ಳೆ ಒಟ್ಟಿ ಬೆಂಕಿ ಮಾಡಿ ಡಬ್ಬಿ ಇಟ್ಟ. ಡಾಂಬರು ಮೊದಲು ಅಂಚಿನಲ್ಲಿ ಮಿರುಗುತ್ತದೆ, ಆಮೇಲೆ ನಡುವೆ ಒಂದು ಗುಳ್ಳೆ ಎದ್ದು ಮೆಲ್ಲಗೆ ಒಡೆಯುತ್ತದೆ, ಆಗ ಇಳಿಸಬೇಕು. ಕುದಿಯಲು ಬಿಟ್ಟರೆ ತಣ್ಣಗಾದ ಮೇಲೆ ಬಿರುಕು ಬಿಡುತ್ತದೆ. ತೂತಿನ ಸುತ್ತ ಒರೆಸಿ ಒಣಗಿಸಿ, ಕಟ್ಟಿಗೆಯ ತುದಿಯಿಂದ ಡಾಂಬರು ಹಚ್ಚಿ, ಅದರ ಮೇಲೆ ಗೋಣಿತಟ್ಟಿನ ತುಂಡು ಒತ್ತಿ, ಮತ್ತೆ ಡಾಂಬರು. ಆ ತೇಪೆಯ ಅಂಚನ್ನು ಅವನು ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ನಯ ಮಾಡಿದ. ಪಟ್ಟದಕಲ್ಲಿನವರೆಗೂ ಅಲ್ಲಿ ಒಂದು ಹನಿ ಒಸರಲಿಲ್ಲ.

ಆ ರಾತ್ರಿಯ ಮಾತು ಬರೆಯಲೆಂದೇ ನಾನು ಇದನ್ನೆಲ್ಲ ಬರೆಯತೊಡಗಿದ್ದು. ದಿಬ್ಬದ ಮೇಲೆ ರೊಟ್ಟಿ, ಶೇಂಗಾಚಟ್ನಿ, ಹಸಿ ಉಳ್ಳಾಗಡ್ಡಿ ಊಟ ಮಾಡಿ ತಾಡಪತ್ರಿ ಹಾಸಿ ಮಲಗಿದ್ದೆವು. ನಮ್ಮ ನೆತ್ತಿಯ ಮೇಲೆ ಚಿಕ್ಕಿ ತುಂಬಿದ್ದವು. ನೈಋತ್ಯಕ್ಕೆ, ಬಹಳ ದೂರ, ನೆಲಕ್ಕೆ ಹತ್ತಿ ಮಿಂಚು ಆಡುತ್ತಿತ್ತು. ಸಪ್ಪಳ ಇಲ್ಲ, ಬರೀ ಬೆಳಕು. ಮಾಂವ ಎದ್ದು ಕೂತ. ಒಂದು ಜಾಲಿಯ ಕಡ್ಡಿ ಮುರಿದು ನೀರಿನಂಚಿಗೆ ನೆಟ್ಟು ಬಂದ. "ಹುಬ್ಬಳ್ಳಿಗೆ ಫೋನ ಹಚ್ಚು" ಅಂದ.

ಹೆಂಡತಿಗೆ ಫೋನು ಹಚ್ಚಿದೆ. ಅವಳು ಮಾತಾಡುವ ಮೊದಲೇ ತಗಡಿನ ಮೇಲೆ ಬೀಳುವ ಮಳೆಯ ಸದ್ದು ಕೇಳಿಸಿತು. "ಭಾಳ ಹೊತ್ತಾತ್ರೀ ಹಿಡದು, ಕರೆಂಟೂ ಹೋಗೇತಿ" ಅಂದಳು. ಇಷ್ಟು ವರ್ಷ ಆ ಮಾತನ್ನು ಹೇಳುವ ತುದಿಯಲ್ಲಿ ನಾನಿದ್ದೆ. ಆ ರಾತ್ರಿ ಕೇಳುವ ತುದಿಯಲ್ಲಿದ್ದೆ. ನಮ್ಮ ಮನೆಯ ಛಾವಣಿಯಿಂದ ಇಳಿದ ನೀರು ಗಟಾರ, ನಾಲೆ, ಕೆರೆಯ ಕೋಡಿ ಎಲ್ಲ ದಾಟಿ ನಾನು ಮಲಗಿದ ಜಾಗಕ್ಕೇ ಬರಲಿಕ್ಕಿದೆ ಎಂಬುದು ಆಗ ಭೂಗೋಳದ ಪಾಠವಾಗಿ ಉಳಿಯಲಿಲ್ಲ. ಹೊಟ್ಟೆಯಲ್ಲಿ ಕಲಸಿದಂತಾಯಿತು. ನನ್ನ ಅಕ್ಕ ಈ ಸ್ಥಿತಿಯಲ್ಲಿ ಎಷ್ಟು ರಾತ್ರಿ ಕಳೆದಿದ್ದಾಳೆ!

ಹುಬ್ಬಳ್ಳಿಯ ನೀರು ಬರಲು ಹೊತ್ತು ಹಿಡಿಯುತ್ತದೆ, ಆದರೆ ನಡುವೆ ಎಲ್ಲೆಲ್ಲಿ ಮಳೆಯಾಗಿದೆಯೋ ಯಾರು ಬಲ್ಲರು. ಕಾಯುವುದು ಬೇಡ ಎಂದು ಇಬ್ಬರೂ ಒಂದೇ ಮಾತಿಗೆ ಬಂದೆವು. ಬ್ಯಾಟರಿ ಬೆಳಕಿನಲ್ಲಿ ದಂಡೆಯ ಇಳಿಜಾರು ಹುಡುಕಿ, ಮೆಟ್ಟಿಲು ಕಡಿದು, ಹರಿಗೋಲನ್ನು ಮೇಲಕ್ಕೆ ಸಾಗಿಸಿದೆವು. ಒಬ್ಬ ಮೇಲಿನಿಂದ ಹಗ್ಗ ಜಗ್ಗುವುದು, ಒಬ್ಬ ಕೆಳಗಿನಿಂದ ತಲೆ ಕೊಟ್ಟು ನೂಕುವುದು. ಒಬ್ಬನೇ ಆಗಿದ್ದರೆ ದೋಣಿ ಬಿಟ್ಟು ಮೈ ಉಳಿಸಿಕೊಳ್ಳಬೇಕಾಗುತ್ತಿತ್ತು. ಮೇಲೆ ಯಾರದೋ ಉಳ್ಳಾಗಡ್ಡಿ ಹೊಲ, ಮೂಲೆಯಲ್ಲಿ ಗುಡಿಸಲು. ಕಾವಲಿಗೆ ಮಲಗಿದ್ದ ಮುದುಕ ನಮ್ಮ ತಲೆಯ ಮೇಲಿನ ಹರಿಗೋಲನ್ನು ಬೆಳಕು ಬಿಟ್ಟು ನೋಡಿ, "ಎಲ್ಲಿಂದ ಬಂದ್ರೆಪಾ?" ಅಂದ. ಕಾರಣ ಕೇಳದೆ ಕಂಬಳಿ ಕೊಟ್ಟ. ಅವನಿಗೆ 2009ರ ಹೊನಲು ನೆನಪಿತ್ತು.

ಬೆಳಗಿನ ಜಾವ ಸದ್ದು ಬಂತು. ಭೋರ್ಗರೆತ ಅಲ್ಲ, ಒಣ ಎಲೆಯ ಮೇಲೆ ಯಾರೋ ಬಹಳ ಜನ ನಡೆದು ಬರುವ ಸದ್ದು. ಹೋಗಿ ನೋಡಿದರೆ ಹಳ್ಳದ ಮುಂಚೂಣಿ ನೊರೆ, ಕಸ, ಕಟ್ಟಿಗೆ ನೂಕಿಕೊಂಡು ಸಾಗುತ್ತಿತ್ತು. ಮಾಂವ ನೆಟ್ಟ ಕಡ್ಡಿ ಇರಲಿಲ್ಲ. ನಾವು ಮಲಗಿದ್ದ ದಿಬ್ಬವೂ ಇರಲಿಲ್ಲ.

ನೀರು ಇಳಿಮುಖ ಆಗುವತನಕ ಆ ಹೊಲದಲ್ಲೇ ಉಳಿದು, ಮುದುಕನಿಗೆ ಉಳ್ಳಾಗಡ್ಡಿ ಕೊಯ್ದು ಒಟ್ಟಲು ಕೈಗೂಡಿಸಿ, ಆಮೇಲೆ ಹೊರಟೆವು. ಈಗ ಹಳ್ಳವೇ ಬೇರೆ. ಹುಟ್ಟು ಹಾಕುವುದು ಮುಂದೆ ಹೋಗಲಿಕ್ಕಲ್ಲ, ಜಾಲಿಯಿಂದ ತಪ್ಪಿಸಿಕೊಳ್ಳಲಿಕ್ಕೆ. ತಿರುವಿನ ಹೊರಮಗ್ಗುಲಿಗೆ ಸೆಳೆತ ಎಳೆಯುತ್ತದೆ, ಮುಳ್ಳೂ ಅಲ್ಲೇ ಕಾದಿರುತ್ತದೆ. ಮಾಂವ "ಹಾ" ಅಂದರೆ ನಾನು ಎಳೆಯಬೇಕು, "ಹೂಂ" ಅಂದರೆ ಕೈ ತಡೆಯಬೇಕು. ಅಷ್ಟೇ ನಮ್ಮ ಭಾಷೆ. ಮೆಣಸಗಿಯ ಹತ್ತಿರ ದಂಡೆಗಳು ಒಮ್ಮೆಲೇ ದೂರ ಸರಿದು ಮಲಪ್ರಭೆ ತೆರೆದುಕೊಂಡಾಗ ನನ್ನ ಮುಂಗೈ ನಡುಗುತ್ತಿತ್ತು. ಎಡಕ್ಕೆ ಹೊಳೆಯ ತಿಳಿನೀರು, ಬಲಕ್ಕೆ ನಾವು ತಂದ ರಾಡಿ. ಎರಡೂ ಬಹಳ ದೂರ ಒಂದಕ್ಕೊಂದು ಬೆರೆಯದೆ ಜೋಡಿಯಾಗಿ ಹರಿದವು.

ಆ ಎಡಗಡೆಯ ನೀರು ಎಷ್ಟು ಕಡಿಮೆ ಇತ್ತೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆ ಸೇರುವ ತನಕ 304 ಕಿಲೋಮೀಟರು ಹರಿಯುವ ಹೊಳೆ ಇದು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿ ಅರ್ಧ ಶತಮಾನ ಆಯಿತು. ನಲವತ್ತು ಟಿಎಂಸಿಗೆ ತುಸು ಕಡಿಮೆ ಹಿಡಿಯುವ ರೇಣುಕಾಸಾಗರ ತುಂಬುವುದೇ ಕೆಲವು ವರ್ಷ. ತುಂಬದ ವರ್ಷ ಕೆಳಗಿನ ಹೊಳೆಗೆ ನೀರೆಂದರೆ ನಮ್ಮ ಬೆಣ್ಣೆಹಳ್ಳದ್ದೇ. ಹೊಳೆ ಬತ್ತಿ ವರ್ಷಗಟ್ಟಲೆ ಬಾರದೆ ಹೋದಾಗ ಜನ ಅದರ ಪಾತ್ರದೊಳಕ್ಕೆ ಇಳಿದರು. ಮೊದಲು ಉಸುಕು ತೆಗೆದರು, ಆಮೇಲೆ ಉತ್ತರು. ನಾವು ದಾಟಿ ಬಂದ ಎಷ್ಟೋ ಕಡೆ ಗೋವಿನಜೋಳದ ಸಾಲು ನೀರಿಗೆ ಮುಟ್ಟಿದ್ದವು, ಪಂಪಿನ ಪೈಪುಗಳು ಹರಿಗೋಲಿಗೆ ತಾಗುವಷ್ಟು ಒಳಗೆ ಬಂದಿದ್ದವು. ಅಗಲವಾದ ಹೊಳೆ ಕಾಲುವೆಯಷ್ಟಾಗಿದೆ. ಎಂದೋ ಒಮ್ಮೆ ಅಣೆಕಟ್ಟೂ ತುಂಬಿ, ಬೆಣ್ಣೆಹಳ್ಳವೂ ಉಕ್ಕಿ, ಎರಡು ನೀರೂ ಮೆಣಸಗಿಯಲ್ಲಿ ಕೂಡಿದರೆ ಅದು ಎಲ್ಲಿಗೆ ಹೋಗಬೇಕು? 2009ರ ಅಕ್ಟೋಬರಿನ ಸುತ್ತ ಅದು ಊರೊಳಗೆ ಹೋಯಿತು. ಆಗಲೇ ಈ ದಂಡೆಯ ಊರುಗಳಿಗೆ ಎತ್ತರದಲ್ಲಿ ನವಗ್ರಾಮ ಕಟ್ಟಿದ್ದು, 'ಆಸರೆ' ಎಂಬ ಯೋಜನೆಯಲ್ಲಿ. 2019ರ ಆಗಸ್ಟಿನಲ್ಲಿ ಮತ್ತೆ ಹೋಯಿತು. ಕೊಣ್ಣೂರಿನ ಹತ್ತಿರ ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಕಡಿದುಹೋಯಿತು, ಪಟ್ಟದಕಲ್ಲಿನ ಗುಡಿಗಳ ಆವರಣದಲ್ಲೂ ನೀರು ನಿಂತಿತು.

ನೀರಿಗಾಗಿ ನಮ್ಮಷ್ಟು ಬಡಿದಾಡಿದ ಸೀಮೆ ಕಡಿಮೆ. ಕಾಲುವೆಯ ನೀರು ಕಾಣದ ಹೊಲಕ್ಕೂ ಅಭಿವೃದ್ಧಿ ಕರ ಹೇರಿದಾಗ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಎದ್ದು ನಿಂತು ಗುಂಡಿಗೆ ಎದೆಯೊಡ್ಡಿದರು. ಕಳಸಾ–ಬಂಡೂರಿ ನಾಲೆಗಳಿಂದ ಮಹದಾಯಿಯ ನೀರು ಮಲಪ್ರಭೆಗೆ ಬರಲಿ ಎಂದು 2015ರಿಂದ ನರಗುಂದದಲ್ಲಿ ಧರಣಿ ಕೂತವರು ನಮ್ಮವರೇ. ಆ ಹೋರಾಟ ನ್ಯಾಯದ್ದು, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಬರುವ ನೀರು ಹರಿಯುವ ಹೊಳೆಗೂ ಒಂದು ಜಾಗ ಬೇಕು ಎಂದು ಯಾವ ಟೆಂಟಿನಲ್ಲೂ ಯಾರೂ ಕೂತದ್ದನ್ನು ನಾನು ನೋಡಿಲ್ಲ.

ಹೊಳೆಆಲೂರಿನ ರೈಲು ಸೇತುವೆಯ ಕೆಳಗೆ ಹೋಗುವಾಗ ಮೇಲೆ ಗೂಡ್ಸ್ ಗಾಡಿ ಹೊರಟಿತು. ಡಬ್ಬಿಗಳು ಮುಗಿಯುವತನಕ ಕಂಬಕ್ಕೆ ಹುಟ್ಟು ಆನಿಸಿ ನಿಂತೆವು. ಮುಂದೆ ಥರ್ಮಾಕೋಲಿನ ತುಂಡಿನ ಮೇಲೆ ಕೂತು ಬಲೆ ಬಿಡುತ್ತಿದ್ದ ಹುಡುಗನೊಬ್ಬ, "ಮೊಸಳಿ ಅದಾವ್ರೀ ಯಣ್ಣಾ, ಕಾಲ ಹೊರಗ ಬಿಡಬ್ಯಾಡ್ರಿ" ಎಂದು ಎಚ್ಚರಿಸಿದ. ಅವನ ಎರಡೂ ಕಾಲು ನೀರಿನಲ್ಲೇ ಇದ್ದವು. ಮುಂದಿನ ತಿರುವಿನ ಕೆಸರಿನಲ್ಲಿ ಹೊಟ್ಟೆ ಎಳೆದ ಅಗಲ ಗುರುತು ಹಸಿಯಾಗಿಯೇ ಇತ್ತು.

ಒಂದು ಬಾಂದಾರದ ಹತ್ತಿರ ನಾವಿಬ್ಬರೂ ಜಗಳಾಡಿದೆವು. ಕಟ್ಟೆಯ ಮೇಲೆ ಗೇಣುದ್ದ ನೀರು ಹರಿಯುತ್ತಿತ್ತು. ಜಾರಿ ಇಳಿಯೋಣ ಎಂದು ಮಾಂವ, ಹೊತ್ತು ದಾಟೋಣ ಎಂದು ನಾನು. ಅವನಿಗೆ ಹೊತ್ತು ಮುಳುಗುವ ಚಿಂತೆ, ನನಗೆ ಕಟ್ಟೆಯ ಕೆಳಗೆ ನೀರು ಸುತ್ತುವ ಚಿಂತೆ. ಅಲ್ಲಿ ಸಿಕ್ಕಿದವನನ್ನು ಸುಳಿ ಸುಲಭಕ್ಕೆ ಬಿಡುವುದಿಲ್ಲ. ಮಾತು ಏರಿತು, ಅಕ್ಕನ ತವರುಮನೆಯೂ ನಡುವೆ ಬಂತು. ಕೊನೆಗೆ ಅವನು ಏನೂ ಅನ್ನದೆ ಗಂಟು ಬಿಚ್ಚತೊಡಗಿದ. ಹರಿಗೋಲನ್ನು ಬೋರಲು ಮಾಡಿ ಇಬ್ಬರ ತಲೆಯ ಮೇಲೆ ಹೊತ್ತು, ಒಬ್ಬರ ಮುಖ ಒಬ್ಬರಿಗೆ ಕಾಣದ ಆ ಕತ್ತಲೆಯಲ್ಲಿ, ಕಲ್ಲಿನ ಮೇಲೆ ಒಟ್ಟಿಗೆ ಹೆಜ್ಜೆ ಹಾಕಬೇಕಾಯಿತು. ಅವನು "ಎಡಕ್ಕ ಕಲ್ಲ ಐತಿ" ಅಂದ. ನಾನು "ಹೂಂ" ಅಂದೆ. ಕೆಳಗೆ ದೋಣಿ ಇಳಿಸುವಷ್ಟರಲ್ಲಿ ಜಗಳ ಮುಗಿದಿತ್ತು. ಮನೆಯಲ್ಲಾದರೆ ಎಂಟು ದಿನ ಎಳೆಯುವ ಮುನಿಸಿಗೆ ಹರಿಗೋಲಿನಲ್ಲಿ ಜಾಗವಿಲ್ಲ. ಒಬ್ಬ ಮುನಿಸಿಕೊಂಡು ಕೈಬಿಟ್ಟರೆ ಇನ್ನೊಬ್ಬ ಎಷ್ಟು ಎಳೆದರೂ ಅದು ನಿಂತಲ್ಲೇ ತಿರುಗುತ್ತದೆ.

ಚೊಳಚಗುಡ್ಡದ ಸೇತುವೆ ದಾಟಿದ ಮೇಲೆ ನೆಲದ ಬಣ್ಣ ಬದಲಾಯಿತು. ಎರೆ ಹಿಂದುಳಿದು ಬಾದಾಮಿಯ ಕೆಂಪು ಮರಳುಗಲ್ಲು ಎದುರಾಯಿತು. ಹಾಸುಗಲ್ಲುಗಳ ನಡುವೆ ಹೊಳೆ ಸಣ್ಣ ಸಣ್ಣ ಜಾರುಗಳಾಗಿ ಇಳಿಯುತ್ತದೆ, ಹರಿಗೋಲಿನ ಚಪ್ಪಟೆ ತಳ ಕಲ್ಲಿನ ಬೆನ್ನು ಸವರಿಕೊಂಡು ಹೋಗುವಾಗ ಬಿದಿರು ಒಂದೊಂದಾಗಿ ಲಟಲಟ ಅನ್ನುವುದು ಮೊಣಕಾಲಿಗೆ ತಿಳಿಯುತ್ತದೆ. ಇಲ್ಲಿ ಹುಟ್ಟಿಗಿಂತ ಗಳ ಉಪಯೋಗಕ್ಕೆ ಬಂತು. ನೀರುಕಾಗೆಗಳು ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿ ಕೂತಿದ್ದವು. ಬಂಡೆಗಳ ಸಂದಿಯಲ್ಲಿ ಯಾರೂ ಉಳಲಾಗದ್ದಕ್ಕೆ ಹೊಳೆ ತನ್ನ ಮೊದಲಿನ ಅಗಲ ಉಳಿಸಿಕೊಂಡಿತ್ತು. ಹೊಳೆಗೆ ಜಾಗ ಇದ್ದರೆ ಅದು ಹೇಗಿರುತ್ತದೆ ಎಂದು ನಾನು ಕಂಡದ್ದು ಅಲ್ಲಿ: ನಡುಗಡ್ಡೆ, ಆಳದ ಮಡು, ತೆಳುನೀರು, ಉಸುಕಿನ ದಂಡೆ, ಎಲ್ಲವೂ ಬೇರೆಬೇರೆ, ಎಲ್ಲದರಲ್ಲೂ ಜೀವ.

ಪಟ್ಟದಕಲ್ಲಿನಲ್ಲಿ ಮಲಪ್ರಭೆ ಉತ್ತರಕ್ಕೆ ತಿರುಗುತ್ತದೆ. ಚಾಲುಕ್ಯರು ಅಲ್ಲಿ ಪಟ್ಟ ಕಟ್ಟಿಕೊಂಡದ್ದಕ್ಕೆ, ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಗಂಡ ವಿಕ್ರಮಾದಿತ್ಯನ ಗೆಲುವಿಗೆಂದು ವಿರೂಪಾಕ್ಷನ ಗುಡಿ ಎತ್ತಿಸಿದ್ದಕ್ಕೆ ಆ ತಿರುವೂ ಒಂದು ಕಾರಣ ಎನ್ನುತ್ತಾರೆ. ಗುಡಿಗಳನ್ನು ನೋಡಲು ಎಷ್ಟೋ ಸಲ ಬಸ್ಸಿನಲ್ಲಿ ಬಂದಿದ್ದೆ, ಆದರೆ ಹೊಳೆಯ ಕಡೆಯಿಂದ ಅವುಗಳ ಶಿಖರ ಮೇಲೇಳುವುದನ್ನು ನೋಡಿದ್ದು ಅದೇ ಮೊದಲು. ಕಟ್ಟಿದವರು ಬಹುಶಃ ಆ ಕಡೆಯಿಂದ ಬರುವವರನ್ನೂ ಮನಸ್ಸಿನಲ್ಲಿಟ್ಟಿದ್ದರು.

ಟ್ರ್ಯಾಕ್ಟರ್ ಬರುವುದು ತಡವಾಗಿತ್ತು. ಹರಿಗೋಲನ್ನು ದಂಡೆಗೆ ಹಾಕಿ ಅದರ ನೆರಳಿನಲ್ಲಿ ಕೂತು ನಾನು ಮಾಂವನಿಗೆ ಮನಸ್ಸಿನಲ್ಲಿದ್ದದ್ದು ಹೇಳಿದೆ. ಹಳ್ಳ ಹೊಳೆಗಳಿಗೂ ಹದ್ದುಬಸ್ತು ಆಗಬೇಕು, ಹಳೆಯ ನಕಾಶೆ ತೆಗೆದು ದುಂಡಸಿಯಿಂದ ಮೆಣಸಗಿತನಕ ಕಲ್ಲು ನೆಡಬೇಕು, ಅದರೊಳಗೆ ಯಾರೂ ನೇಗಿಲು ಹೂಡಬಾರದು ಎಂದೆ. ಮಾಂವ ತೇಪೆಯ ಮೇಲೆ ಕೈಯಾಡಿಸುತ್ತ ಸುಮ್ಮನೆ ಕೇಳಿದ.

"ನಂದೂ ನಾಕ ಸಾಲು ಹೋಗತಾವ" ಅಂದ.

"ಹೋಗತಾವ."

"ಹೋಗಲಿ ಬಿಡು. ಆದ್ರ ಅಳತಿ ನಮ್ಮೂರಿಂದ ಸುರು ಮಾಡಬ್ಯಾಡ್ರಿ. ಮ್ಯಾಲಿಂದ ಸುರು ಮಾಡ್ರಿ, ನಿಮ್ಮ ಹುಬ್ಬಳ್ಳಿಂದ."

ಈ ಮಾತಿಗೆ ನಾನು ಒಪ್ಪಿದ್ದೇನೆ. ಹುಬ್ಬಳ್ಳಿಯಲ್ಲಿ ನಾಲೆಯ ಮೇಲೆ ಮನೆ ಕಟ್ಟಿದವರ ಓಣಿಯಿಂದಲೇ ಅಳತೆ ಸುರುವಾಗಲಿ. ಬರುವ ವರ್ಷ ನೀರು ಇದ್ದರೆ ನಾವಿಬ್ಬರೂ ಹರಿಗೋಲನ್ನು ಅಲ್ಲೇ ಇಳಿಸುವವರಿದ್ದೇವೆ, ಹುಬ್ಬಳ್ಳಿಯಿಂದ ಯಾವಗಲ್ಲಿನ ತನಕ. ಅಕ್ಕ ಈ ಸಲ ಬೇಡ ಅಂದಿಲ್ಲ. ಮಿಂಚು ಕಂಡರೆ ಮೇಲೆ ಹತ್ತಿ ಮಲಗಬೇಕು ಎಂಬ ಕರಾರು ಹಾಕಿದ್ದಾಳೆ.